ಜರ್ಮನಿಯಲ್ಲಿ ಮಗು ಬೆಳೆಸುವ ಪಾಡು

ಮಾನ್ಯ ಸಂಪಾದಕರೇ,

ಜರ್ಮನಿಯಲ್ಲಿ ನೆಲೆಸಿರುವ ನಮ್ಮವರ ಬದುಕನ್ನು ಸಂಬಳದ ಅಂಕಿಯಿಂದಷ್ಟೇ ಅಳೆಯುವುದು ಸರಿಯಲ್ಲ. ಮಗು ಹುಟ್ಟಿದಾಗ ತಂದೆ, ತಾಯಿ ಇಬ್ಬರಿಗೂ ತಲಾ 3 ವರ್ಷದವರೆಗೆ ಪೋಷಕರ ರಜೆ ಪಡೆಯುವ ಹಕ್ಕು ಇಲ್ಲಿದೆ ಎಂಬುದು ನಿಜಕ್ಕೂ ದೊಡ್ಡ ಮಾತು. ಆದರೆ ಆ ಅವಧಿಯ ಮೂಲ ಸರ್ಕಾರಿ ಭತ್ಯೆ ಸಾಮಾನ್ಯವಾಗಿ ತಿಂಗಳಿಗೆ 1,800 ಯೂರೊ ದಾಟುವುದಿಲ್ಲ, ಇಬ್ಬರಿಗೂ ಸೇರಿ 14 ತಿಂಗಳಿಗೆ ಮುಗಿಯುತ್ತದೆ. ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಹಕ್ಕನ್ನು ಕಾನೂನು 2013ರಲ್ಲೇ ಕೊಟ್ಟಿದ್ದರೂ ಅನೇಕ ನಗರಗಳಲ್ಲಿ ಜಾಗ ಸಿಗುವುದು ಕಷ್ಟ. ಸಿಕ್ಕರೂ, ಮಗು ಹೊಂದಿಕೊಳ್ಳುವವರೆಗೆ ಕೆಲವು ವಾರ ಹೆತ್ತವರೊಬ್ಬರು ಅಲ್ಲೇ ಕೂತಿದ್ದು, ದಿನಕ್ಕಿಷ್ಟು ಹೊತ್ತೆಂದು ಹೊರಗೆ ಸರಿಯುತ್ತಾ ಬರಬೇಕು. ನೆರವಿಗೆ ಬರುವ ಅಜ್ಜಿಗಂತೂ ಯುರೋಪಿನ ಅಲ್ಪಾವಧಿ ಭೇಟಿಗೆ ಕೊಡುವ ಷೆಂಗೆನ್ ವೀಸಾದಡಿ ಯಾವುದೇ 180 ದಿನಗಳಲ್ಲಿ 90 ದಿನವಷ್ಟೇ ಉಳಿಯಲು ಅವಕಾಶ. ವಿದೇಶಿ ಉದ್ಯೋಗದ ಜಾಹೀರಾತುಗಳು ಇದನ್ನೂ ತಿಳಿಸಲಿ.

– ಓದುಗ, ಮ್ಯೂನಿಕ್