ಮಂಚದ ಕೆಳಗಿನ ಮರಿ: ಮಂಜನಿಗೊಂದು ಪತ್ರ

ಪ್ರೀತಿಯ ಮಂಜ,

ಬೆಕ್ಕು ಮರಿ ಹಾಕಿತಾ ಅಂತ ಕೇಳಿದ್ದೆಯಲ್ಲ. ಹಾಕಿದೆ ಮಾರಾಯ, ಎರಡು. ಈಗ ಎರಡು ತಿಂಗಳಾಯಿತು. ಕುಕ್ಕರ್ ಕೂಗಿದರೆ ಕರಿಯ ಕಿವಿ ಮಾತ್ರ ತಿರುಗಿಸಿ ಮತ್ತೆ ಮಲಗುತ್ತಾನೆ. ಬೂದಿ ಮರಿ ಮಂಚದ ಕೆಳಗೆ ಓಡಿ ಟ್ರಂಕಿನ ಹಿಂದೆ ಸೇರಿದರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ. ಒಂದೇ ಸೂಲು, ಒಂದೇ ಹಾಲು. ಎಲ್ಲಾ ರಕ್ತದ ಗುಣ ಅಂದುಕೊಂಡೆ. ಬೆಕ್ಕಿನ ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಬೇರೆ ಬೇರೆ ಇರಬಹುದು, ಗೊತ್ತಲ್ವಾ?

ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಅದು ತಲೆಯಿಂದ ಹೋಗುತ್ತಲೇ ಇಲ್ಲ. ಜರ್ಮನಿಯ ವಿಜ್ಞಾನಿಗಳು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. 40 ಇಲಿಗಳು. ಎಲ್ಲವೂ ಅವಳಿಗಳ ಹಾಗೆ, ಒಂದೇ ವಂಶವಾಹಿ. ಅಂತಸ್ತು, ಕೊಳವೆ, ಆಟದ ಸಾಮಾನು ಇರುವ ಒಂದೇ ದೊಡ್ಡ ಗೂಡಿನಲ್ಲಿ ಬಿಟ್ಟು, ಚಿಪ್ ಹಾಕಿ, 3 ತಿಂಗಳು ಓಡಾಟದ ಲೆಕ್ಕ ಇಟ್ಟರು. ದಿನ ಕಳೆದ ಹಾಗೆ ಅವು ಬೇರೆ ಬೇರೆಯಾಗುತ್ತಾ ಹೋದವು. ಕೆಲವು ಮೂಲೆ ಮೂಲೆ ಸುತ್ತಿದವು, ಕೆಲವು ಅಷ್ಟಾಗಿ ಸುತ್ತಲಿಲ್ಲ. ಜಾಸ್ತಿ ಸುತ್ತಿದವುಗಳ ಮೆದುಳಿನಲ್ಲಿ, ನೆನಪಿಗೆ ಬೇಕಾದ ಭಾಗದಲ್ಲಿ, ಹೊಸ ನರಕೋಶಗಳೂ ಜಾಸ್ತಿ ಹುಟ್ಟಿದ್ದವು. ರಕ್ತ ಒಂದೇ, ಮನೆ ಒಂದೇ. ಆದರೆ ಒಂದೊಂದೂ ಓಡಾಡಿದ ಮನೆಯೇ ಬೇರೆ.

ಇಷ್ಟೇ ಬರೆಯೋಣ ಅಂತ ಕೂತಿದ್ದು.

ನನ್ನ ಚಿಕ್ಕ ಮಗನಿಗೆ ನಾನು ದಿನಾ ಹೇಳುವ ಮಾತು ನೀನೂ ಕೇಳಿದ್ದೀಯ. "ಅಣ್ಣನೂ ಇದೇ ಮನೇಲಿ ಬೆಳೆದವನು, ನೀನ್ಯಾಕೋ ಹೀಗೆ?" ಕಳೆದ ಭಾನುವಾರ ನೆಂಟರು ಬಂದಿದ್ದರು. ರೂಮಿನಲ್ಲಿ ಅವಿತಿದ್ದವನನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಅವನು ಅಳಲಿಲ್ಲ. ನನ್ನ ಅಂಗಿಯ ತುದಿ ಹಿಡಿದು ನಿಂತ. ಎಳೆದು ತಂದವನ ಅಂಗಿಯನ್ನೇ, ಮಂಜ. ಒಂಬತ್ತು ವರ್ಷ ಅವನಿಗೆ. ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆ ರಾತ್ರಿ ಬೂದಿ ಮರಿ ಊಟಕ್ಕೆ ಬರಲಿಲ್ಲ. ನಾನು ಕರೆದೆ, ಗದರಿದೆ. ಚಿಕ್ಕವನು ಮಾತಾಡದೆ ನೆಲದ ಮೇಲೆ ಮಲಗಿ, ಹಾಲನ್ನದ ಬಟ್ಟಲನ್ನು ಟ್ರಂಕಿನವರೆಗೂ ತಳ್ಳಿ, ಲೈಟ್ ಆರಿಸಿ ಬಂದ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ನೆಕ್ಕುವ ಸದ್ದು ಕೇಳಿಸಿತು.

ಇದನ್ನೆಲ್ಲ ಯಾಕೆ ಹೇಳಿದೆನೋ, ಬಿಡು. ದೀಪಾವಳಿಗೆ ಬರ್ತೀಯಲ್ಲ? ಕರಿಯನನ್ನು ನಿನಗೇ ಅಂತ ಇಟ್ಟಿದ್ದೇನೆ. ಬೂದಿ ಮರಿಯನ್ನು ಮಾತ್ರ ಕೇಳಬೇಡ, ಅದು ಚಿಕ್ಕವನದು.

ನಿನ್ನ,
ಸೀನ