ಅಪ್ಪನ ಆರು ತಿಂಗಳ ಮಾತ್ರೆ ಮುಗಿಯಿತು

ಮೊನ್ನೆ ಸೋಮವಾರ ಅಪ್ಪ ಟಿಬಿಯ ಕೊನೆಯ ಮಾತ್ರೆ ನುಂಗಿದರು. ಕಫ ಪರೀಕ್ಷೆಯಲ್ಲಿ ಈಗ ಏನೂ ಇಲ್ಲ. ಮೂಡಿಗೆರೆ ತಾಲ್ಲೂಕಿನ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ಮೇ ತಿಂಗಳಲ್ಲಿ ಕೆಮ್ಮು ಹಿಡಿಯಿತು. ಪೇಟೆಯಲ್ಲಿ ಎರಡು ಕಡೆ ತೋರಿಸಿ, ಬರೀ ಸಿರಪ್ ಕುಡಿದು ಒಂದು ತಿಂಗಳು ಕಳೆಯಿತು. ಅದೇನೋ ಸರ್ವೆಗೆಂದು ಬಂದ ಆಶಾ ಅಕ್ಕ ಆ ಕೆಮ್ಮು ಕೇಳಿದರು. "ಎರಡು ವಾರ ದಾಟಿದೆ ಅಲ್ವಾ ಅಣ್ಣಾ? ಕಫ ಪರೀಕ್ಷೆ ಮಾಡಿಸಲೇಬೇಕು" ಅಂದರು. ಮರುದಿನ ಡಬ್ಬಿಯನ್ನೂ ತಾವೇ ತಂದುಕೊಟ್ಟರು.

ಟಿಬಿ ಎಂದು ಗೊತ್ತಾದಾಗ ಡಾಕ್ಟರಮ್ಮ ಹೊರಗೆ ಜನರಿದ್ದಾರೆಂದು ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು. ಅಪ್ಪನಿಗೆ ಅದೇ ದೊಡ್ಡ ಧೈರ್ಯ. ನರ್ಸಮ್ಮ ಮಾತ್ರೆ ಕೊಡುವಾಗ, "ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ" ಎಂದು ಮೊದಲೇ ಹೇಳಿದ್ದರು. ಹೇಳದೆ ಇದ್ದಿದ್ದರೆ ಅಪ್ಪ ಎರಡನೇ ದಿನವೇ ಮಾತ್ರೆ ಬಿಡುತ್ತಿದ್ದರು. ಅಮ್ಮನಿಗೂ ನನಗೂ ಪರೀಕ್ಷೆ ಮಾಡಿ, ಕಾಯಿಲೆ ಬಾರದಂತೆ ಮಾತ್ರೆ ಕೊಟ್ಟರು. ಒಂದು ರೂಪಾಯಿ ಖರ್ಚಿಲ್ಲ. ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ನಿಕ್ಷಯ್ ಪೋಷಣೆ ಹಣ (ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವುದು) ಅಪ್ಪನ ಖಾತೆಗೇ ಬಂತು. ಅದರಲ್ಲಿ ಮೊಟ್ಟೆ, ಹಾಲು, ಕಡಲೆಬೀಜ ತಂದೆವು.

ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ಮೂರನೇ ತಿಂಗಳಿಗೆ ಕೆಮ್ಮು ನಿಂತು ಊಟ ಸೇರತೊಡಗಿತು. ಆಗಲೇ ಅಪ್ಪ ನಾಲ್ಕು ದಿನ ಮಾತ್ರೆ ಬಿಟ್ಟರು. ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಆಶಾ ಅಕ್ಕನಿಗೆ. ಧೋ ಎಂದು ಸುರಿಯುವ ಮಳೆಯಲ್ಲಿ ಬಂದು, ಒದ್ದೆ ಸೀರೆಯಲ್ಲೇ ಜಗಲಿಯಲ್ಲಿ ಕೂತು, ಖಾಲಿ ಪಟ್ಟಿಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಬೈಯಲಿಲ್ಲ. "ಅಣ್ಣಾ, ಈಗ ಬಿಟ್ಟರೆ ರೋಗ ಗಟ್ಟಿಯಾಗುತ್ತೆ, ಆಮೇಲೆ ಈ ಮಾತ್ರೆ ನಾಟೋದಿಲ್ಲ" ಎಂದು ತಾವೇ ಒಳಗೆ ಹೋಗಿ ನೀರು ತಂದುಕೊಟ್ಟರು. ಅಲ್ಲಿಂದ ಹದಿನೈದು ದಿನ ರಾತ್ರಿ ಎಂಟಕ್ಕೆ ಫೋನ್ ತಪ್ಪಲಿಲ್ಲ. ಅವರ ಮನೆಯಲ್ಲೂ ಅಡುಗೆ, ಮಕ್ಕಳು ಇದ್ದೇ ಇರುತ್ತವಲ್ಲ. ಬಿಟ್ಟ ನಾಲ್ಕು ದಿನವನ್ನು ಕೊನೆಗೆ ಸೇರಿಸಿ ಪೂರ್ತಿ ಮಾಡಿಸಿದರು.

ಆಶಾ ಅಕ್ಕಾ, ನೀವು ಅವತ್ತು ಎಣಿಸದೆ ಹೋಗಿದ್ದರೆ ಏನಾಗುತ್ತಿತ್ತೋ. ನಿಮ್ಮ ಋಣ ದೊಡ್ಡದು. ಡಾಕ್ಟರಮ್ಮ, ನರ್ಸಮ್ಮ, ಲ್ಯಾಬಿನ ಅಣ್ಣ, ನಿಮಗೆಲ್ಲ ನಮ್ಮ ಮನೆಯವರ ಕೈಮುಗಿದ ನಮಸ್ಕಾರ.

ಈಗ ತೋಟದಲ್ಲಿ ಹಣ್ಣು ಕೊಯ್ಲು ಶುರುವಾಗಿದೆ. ಅಪ್ಪ ಬೆಳಗ್ಗೆ ಏಳಕ್ಕೇ ಹಾಜರಿ ಪುಸ್ತಕ ಹಿಡಿದು ಹೊರಡುತ್ತಾರೆ. ಇನ್ನೆರಡು ವರ್ಷ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕಂತೆ. ಹೊಸ ಕ್ಯಾಲೆಂಡರ್ ಬಂದ ದಿನವೇ ಅಪ್ಪ ಜೂನ್ ಹಾಳೆ ತೆಗೆದು ಗುರುತು ಹಾಕಿಟ್ಟಿದ್ದಾರೆ.