ಭಕ್ತಿಗೀತೆಗಳ ನಡುವೆ ಕ್ರೈಸ್ತ ರ‍್ಯಾಪ್‌ಗೂ ಒಂದು ಪಾಳಿ ಇರಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ತಿರವಾದಂತೆ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆಯ ಚರ್ಚುಗಳ ಹುಡುಗ ಹುಡುಗಿಯರು ಹೊಸ ಹಾಡುಗಳ ಧ್ವನಿಮುದ್ರಣಕ್ಕೆ ಕೂಡುತ್ತಾರೆ. ಈಗೀಗ ಅವುಗಳಲ್ಲಿ, ತಾಳದ ಮೇಲೆ ಮಾತನ್ನೇ ಓಟದಲ್ಲಿ ಹೇಳುವ ರ‍್ಯಾಪ್ ಕೂಡ ಇರುತ್ತದೆ. ಫೋನಿನಿಂದ ಫೋನಿಗೆ ಅದು ಸಲೀಸಾಗಿ ಓಡಾಡುತ್ತದೆ. ರೇಡಿಯೊದ ಭಕ್ತಿಸಂಗೀತದ ಅವಧಿಗೆ ಕಳಿಸಿದರೆ ಮಾತ್ರ ‘ಇದು ಭಕ್ತಿಗೀತೆ ಅಲ್ಲ’ ಎಂಬ ಒಂದೇ ಸಾಲಿನ ಉತ್ತರ. ನಾವು ಕೇಳುವುದು ಇಷ್ಟೇ: ಹಾಡಿನ ಸಾಹಿತ್ಯ ನೋಡಿ, ಆ ಸಾಹಿತ್ಯ ರೇಡಿಯೊದಲ್ಲಿ ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ನೋಡಿ, ಆಮೇಲೆ ತೀರ್ಮಾನಿಸಿ. ತಾಳದ ಕುಲ ಕೇಳಬೇಡಿ.

ತಕರಾರು ಎತ್ತುವ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ರ‍್ಯಾಪ್ ಎಂದರೆ ಅವರ ಕಿವಿಗೆ ಬಿದ್ದಿರುವುದು ಬೈಗುಳ, ಕುಡಿತ, ದುಡ್ಡಿನ ಜಂಬ. ಆದರೆ ರೇಡಿಯೊ ಹಿಂದೆ ಯಾವುದಕ್ಕೆಲ್ಲ ಬಾಗಿಲು ಹಾಕಿತ್ತು ಎಂಬುದನ್ನೂ ನೆನೆಯಬೇಕು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಅದು ಪರದೇಶದ ವಾದ್ಯ, ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಅದರ ಸ್ವರಗಳು ನಮ್ಮ ಶ್ರುತಿಗೆ ಕೂಡುವುದಿಲ್ಲ ಎಂಬುದು ಕಾರಣ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಷೇಧ ಇತ್ತು, ಸಡಿಲವಾದದ್ದು 1971ರಲ್ಲಿ. ಇವತ್ತು ಪೇಟಿ, ಅಂದರೆ ಅದೇ ಹಾರ್ಮೋನಿಯಂ, ಇಲ್ಲದ ಭಜನೆ ನಮ್ಮ ಭಾಗದಲ್ಲಿ ಎಲ್ಲಿದೆ? 1952ರ ನಂತರ ಚಿತ್ರಗೀತೆಗಳಿಗೂ ಹೀಗೇ ಆಯಿತು. ಕೇಳುಗರು ರೇಡಿಯೊ ಸಿಲೋನ್ ಕಡೆ ಹೊರಳಿದರು, 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಅವರನ್ನು ಮರಳಿ ಕರೆಯಬೇಕಾಯಿತು.

ಅಮೆರಿಕದಲ್ಲಿ ಈ ಜಗಳ ಹಳೆಯದು. ಒಕ್ಲಹೋಮಾ ರಾಜ್ಯದ ಸ್ಟೀಫನ್ ವೈಲಿ 1985ರಲ್ಲಿ ಹೊರತಂದ ಕ್ಯಾಸೆಟ್ಟನ್ನು ಕ್ರೈಸ್ತ ರ‍್ಯಾಪ್‌ನ ಮೊದಲ ಆಲ್ಬಂಗಳಲ್ಲಿ ಲೆಕ್ಕ ಹಿಡಿಯುತ್ತಾರೆ. 2013ರಲ್ಲಿ ರ‍್ಯಾಪ್ ಗಾಯಕ ಲೆಕ್ರೇಗೆ ಅತ್ಯುತ್ತಮ ಗಾಸ್ಪೆಲ್ (ಕ್ರೈಸ್ತ ಭಕ್ತಿಸಂಗೀತ) ಆಲ್ಬಂ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು; ಮರುವರ್ಷ ಅವರ ಇನ್ನೊಂದು ಆಲ್ಬಂ ಅಲ್ಲಿನ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಷ್ಟಾದರೂ ಅಲ್ಲಿನ ದೊಡ್ಡ ಕ್ರೈಸ್ತ ರೇಡಿಯೊ ಜಾಲಗಳಲ್ಲಿ ರ‍್ಯಾಪ್ ಕೇಳುವುದು ಅಪರೂಪ. ಕಾರಿನಲ್ಲಿ ಕುಟುಂಬ ಸಮೇತ ಹೋಗುವ ಕೇಳುಗರನ್ನು ಕಣ್ಣಮುಂದೆ ಇಟ್ಟುಕೊಂಡು ಇಡೀ ದಿನ ಒಂದೇ ಹದದ ಹಾಡು ಹಾಕುವುದು ಅವರ ಪದ್ಧತಿ. ಹಾಡಿನ ನಡುವೆ ರ‍್ಯಾಪ್ ಚರಣ ಬಂದರೆ ಅದನ್ನು ಕತ್ತರಿಸಿದ ಪ್ರತಿಯನ್ನು ಬಿತ್ತರಿಸುವುದೂ ಉಂಟು.

ನಮ್ಮಲ್ಲಿ ಆ ತೊಡಕೇ ಇಲ್ಲ. ಭಾರತದಲ್ಲಿ ಧಾರ್ಮಿಕ ಸಂಸ್ಥೆಗಳ ಹಿಡಿತದಲ್ಲಿರುವ ಕಂಪನಿಗೆ ಖಾಸಗಿ ಎಫ್‌ಎಂ ಪರವಾನಗಿ ಕೊಡುವುದಿಲ್ಲ. ಹಾಗಾಗಿ ನಮ್ಮ ಭಕ್ತಿಸಂಗೀತ ಬರುವುದು ಎಲ್ಲರ ರೇಡಿಯೊದ ಒಂದು ಸಣ್ಣ ಅವಧಿಯಲ್ಲಿ. ಅಲ್ಲಿ ಶರಣರ ವಚನದ ಪಕ್ಕ ದಾಸರ ಪದ, ಅದರ ಪಕ್ಕ ಷರೀಫರ ತತ್ವಪದ, ಅದರ ಪಕ್ಕ ಕವ್ವಾಲಿ ಬಂದು ಕೂತಿದೆ. ಕವ್ವಾಲಿಯ ಚಪ್ಪಾಳೆಯನ್ನೂ ಡೊಳ್ಳಿನ ಪದದ ಹೊಡೆತವನ್ನೂ ಒಪ್ಪಿಕೊಂಡ ಕಿವಿ ಇದು.

‘ಅದು ಹಾಡಲ್ಲ, ಬರೀ ಮಾತು’ ಎನ್ನುವವರಿಗೆ ಗೀಗೀ ಪದ ನೆನಪಿಸುತ್ತೇವೆ. ದಪ್ಪು, ತುಂತುಣಿ, ತಾಳ. ಮುಮ್ಮೇಳದವರು ಮಾತಿನ ಓಟದಲ್ಲೇ ಕಥೆ ಹೇಳುತ್ತಾರೆ, ಹಿಮ್ಮೇಳದವರು ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಹರದೇಶಿ-ನಾಗೇಶಿಯಲ್ಲಿ ಒಂದು ಮೇಳ ಪದದಲ್ಲೇ ಸವಾಲು ಹಾಕಿದರೆ ಇನ್ನೊಂದು ಪದದಲ್ಲೇ ಜವಾಬು ಕೊಡುತ್ತದೆ. ಬೈಬಲ್ಲಿನ 136ನೆಯ ಕೀರ್ತನೆಯಲ್ಲಿ 26 ವಚನಗಳಿವೆ (ಬೈಬಲ್ಲಿನ ಸಂಖ್ಯೆ ಹಾಕಿದ ವಾಕ್ಯಕ್ಕೆ ನಾವು ವಚನ ಎನ್ನುತ್ತೇವೆ), ಪ್ರತಿಯೊಂದರ ಎರಡನೆಯ ಅರ್ಧವೂ ಅದೇ ಸಾಲು. ಒಬ್ಬ ಹೇಳಿದ್ದನ್ನು ಗುಂಪು ಎತ್ತಿಕೊಳ್ಳಲಿ ಎಂದೇ ಕಟ್ಟಿದ್ದು ಅದು.

ನಮ್ಮ ಹಳೆಯ ಸಂಗೀತಗಳ (ಚರ್ಚಿನಲ್ಲಿ ಹಾಡುವ ಸ್ತುತಿಗೀತೆಗಳ) ರಾಗಗಳೂ ಒಂದು ಕಾಲಕ್ಕೆ ಹೊರಗಿನಿಂದ ಬಂದವೇ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅದರ ಮಿಷನರಿಗಳು ಜರ್ಮನ್ ರಾಗಕ್ಕೆ ಕನ್ನಡ ಮಾತು ಜೋಡಿಸಿ ಹಾಡಿಸಿದರು. ಅವು ನಮಗೆ ಪ್ರಾಣ, ಆ ಮಾತು ಬೇರೆ. ಆದರೆ ಅಲ್ಲಿ ರಾಗ ಎಳೆದ ಕಡೆ ಹ್ರಸ್ವ ದೀರ್ಘವಾಗುತ್ತದೆ, ದೀರ್ಘ ಮೊಟಕಾಗುತ್ತದೆ. ಮೊದಲ ಸಲ ಕೇಳಿದವರಿಗೆ ಶಬ್ದ ಯಾವುದೆಂದೇ ತಿಳಿಯದ ಸಾಲುಗಳಿವೆ. ರ‍್ಯಾಪ್‌ನಲ್ಲಿ ಕನ್ನಡದ ಲಘು ಗುರುಗಳು ಬಾಯಲ್ಲಿ ಹೇಗಿವೆಯೋ ಹಾಗೇ ಉಳಿಯುತ್ತವೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು ನಿಘಂಟಿಗಿಂತ ಮೊದಲೇ, 1875ರಲ್ಲಿ, ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದರು. ಬೀಟ್, ಅಂದರೆ ಹಿನ್ನೆಲೆಯ ತಾಳವಾದ್ಯದ ಮುದ್ರಣ, ಹುಡುಕುವ ಮೊದಲು ನಮ್ಮ ಹುಡುಗರು ಅತ್ತ ನೋಡಬೇಕು.

ನೋಡಿದರೆ ಸಿಗುವುದು ಏನು? ರ‍್ಯಾಪ್‌ನ ಒಂದು ಬಾರ್ (ತಾಳದ ಒಂದು ಸುತ್ತು) ಎಂದರೆ ನಾಲ್ಕು ಬೀಟ್ (ಇಲ್ಲಿ ತಾಳದ ಹೊಡೆತ), ಬೀಟಿಗೆ ನಾಲ್ಕರಂತೆ 16 ಮಾತ್ರೆ. ತೀನ್ ತಾಲ ಕೇಳಿ ಬೆಳೆದ ಧಾರವಾಡಕ್ಕೆ 16 ಎಣಿಸಲು ಯಾರೂ ಕಲಿಸಬೇಕಿಲ್ಲ. ಶರ ಷಟ್ಪದಿಯ ಮೊದಲ ಎರಡು ಸಾಲು ಎಂಟೆಂಟು ಮಾತ್ರೆ, ಎರಡೂ ಸೇರಿ ಒಂದು ಬಾರ್. ಮೂರನೆಯ ಸಾಲು 14 ಮಾತ್ರೆ. ಉಸಿರಿಗೆ ಎರಡು ಮಾತ್ರೆ ಬಿಟ್ಟರೆ ಇನ್ನೊಂದು ಬಾರ್. ಒಂದು ಷಟ್ಪದಿಗೆ ನಾಲ್ಕು ಬಾರ್, ನಾಲ್ಕು ಷಟ್ಪದಿಗೆ 16 ಬಾರಿನ ಪೂರಾ ಚರಣ. ಬೈಬಲ್ಲಿನ ಮತ್ತಾಯ 11:28ರ ಭಾವವನ್ನು ಹೀಗೆ ಕೂಡಿಸಬಹುದು:

ಕಳವಳ ತುಂಬಿದ
ಬಳಲಿದ ಜನರನು
ಬಳಿಗೇ ಕರೆದನು ಯೇಸಯ್ಯಾ

ಇಲ್ಲಿ ಪ್ರಾಸ ಇರುವುದು ಎರಡನೆಯ ಅಕ್ಷರದಲ್ಲಿ. ಇದು ಮುಖ್ಯ. ಇಂಗ್ಲಿಷ್ ರ‍್ಯಾಪ್ ನೋಡಿ ಸಾಲಿನ ತುದಿಗೇ ಪ್ರಾಸ ಕಟ್ಟಹೊರಟರೆ ಕನ್ನಡದಲ್ಲಿ ‘ಬರುತ್ತಾನೆ, ಇರುತ್ತಾನೆ, ಕೊಡುತ್ತಾನೆ’ ಎಂದು ಪ್ರತ್ಯಯಗಳೇ ಪ್ರಾಸವಾಗಿಬಿಡುತ್ತವೆ. ಅದರಲ್ಲಿ ಕಷ್ಟವೂ ಇಲ್ಲ, ರುಚಿಯೂ ಇಲ್ಲ. ನಾಲ್ಕು ಸಾಲಿಗೆ ಕಿವಿ ದಣಿಯುತ್ತದೆ. ಆದಿಪ್ರಾಸ ಬಾರಿನ ಮೊದಲ ಹೊಡೆತದ ಹತ್ತಿರವೇ ಬೀಳುತ್ತದೆ, ಸಾಲನ್ನು ಎತ್ತಿ ನಿಲ್ಲಿಸುತ್ತದೆ. ಭಾಮಿನಿ ಷಟ್ಪದಿಯನ್ನು ಮಾತ್ರ ನಾಲ್ಕರ ಬೀಟಿಗೆ ತುರುಕಬೇಡಿ. ಅದರ ನಡೆ ಮೂರು-ನಾಲ್ಕು, ಅಂದರೆ ಏಳು. ಎರಡನೆಯ ಸಾಲಿಗೇ ಜಾರುತ್ತದೆ. ಅದಕ್ಕೆ ರೂಪಕ್ ತಾಲದ ಏಳು ಮಾತ್ರೆಯ ಲೂಪನ್ನೇ (ಮತ್ತೆ ಮತ್ತೆ ಸುತ್ತುವ ತುಣುಕನ್ನೇ) ಕಟ್ಟಬೇಕು.

ಇನ್ನು ವೇಗ. ನಿಮಿಷಕ್ಕೆ 90 ಬೀಟ್ ಇದ್ದರೆ ಒಂದು ಬಾರಿಗೆ 2.67 ಸೆಕೆಂಡ್, ಮಾತ್ರೆಗೊಂದು ಅಕ್ಷರದಂತೆ ಸೆಕೆಂಡಿಗೆ ಆರು ಅಕ್ಷರ. ರೇಡಿಯೊದಲ್ಲಿ ಒಂದೇ ಸಲ ಕೇಳಿ ಅರ್ಥವಾಗಬೇಕಾದರೆ ಇದೇ ಮಿತಿ. 140 ಬೀಟಿಗೆ ಅದೇ ಲೆಕ್ಕ ಹಿಡಿದರೆ ಸೆಕೆಂಡಿಗೆ ಒಂಬತ್ತು ದಾಟುತ್ತದೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಅಂಥ ಬೀಟೇ ಬೇಕೆಂದರೆ ಅರ್ಧ ಲಯದಲ್ಲಿ ಹೇಳಿ. ಭಾಷೆ ಮನೆಯ ಭಾಷೆಯೇ ಇರಲಿ. ‘ಬಂದಾನ’, ‘ಹೊಂಟಾನ’ ಎಂದರೆ ದೇವರಿಗೆ ಅಗೌರವವಾಗದು. ನಾಲಗೆ ಹೊರಳಿಸಿದ ಅಮೆರಿಕನ್ ಕನ್ನಡ ಮಾತ್ರ ನಿಜಕ್ಕೂ ಕಿವಿ ಕೊರೆಯುತ್ತದೆ. ಬರೆದಾದ ಮೇಲೆ ‘ನಾನು’ ಎಷ್ಟು ಸಲ ಬಂದಿದೆ ಎಂದು ಎಣಿಸಿ. ರ‍್ಯಾಪ್‌ನ ಜಂಬ ಸಾಕ್ಷಿಯ (ದೇವರು ತನಗೆ ಮಾಡಿದ್ದನ್ನು ಹೇಳಿಕೊಳ್ಳುವುದರ) ಹೆಸರಿನಲ್ಲಿ ಒಳಗೆ ನುಸುಳುವುದು ಅಲ್ಲೇ. ಎದುರಾಳಿಯನ್ನು ಹಳಿಯುವ ಸಂಪ್ರದಾಯವಂತೂ ಇಲ್ಲಿ ಪೂರ್ತಿ ವರ್ಜ್ಯ: ಬೇರೆ ಧರ್ಮವನ್ನು ಕೀಳುಮಾಡುವ ಒಂದು ಸಾಲಿದ್ದರೂ ಪ್ರಸಾರ ಸಂಹಿತೆಯ ಪ್ರಕಾರ ಆ ಹಾಡು ಹೊರಗೆ, ಹೊರಗೇ ಇರಬೇಕು.

ಸಾಹಿತ್ಯ ಚೆನ್ನಾಗಿದ್ದೂ ಹಾಡು ತಿರಸ್ಕೃತವಾಗುವುದು ಬಹಳ ಸಲ ಮಿಕ್ಸಿಂಗ್‌ನಿಂದ, ಅಂದರೆ ದನಿ ವಾದ್ಯಗಳನ್ನು ಕೂಡಿಸುವ ಕೆಲಸದಿಂದ. ಹುಡುಗರು ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಮಿಕ್ಸ್ ಮಾಡುತ್ತಾರೆ. ಈ ಹಾಡುಗಳ 808 ಬೇಸಿನ (ಡ್ರಮ್ ಯಂತ್ರದ ಆಳವಾದ ದನಿಯ) ಮೂಲಸ್ವರ ಇರುವುದು 40-60 ಹರ್ಟ್ಜ್ ಆಸುಪಾಸು. ಅಡುಗೆಮನೆಯ ಸಣ್ಣ ರೇಡಿಯೊ, ಫೋನಿನ ಸ್ಪೀಕರ್ 200 ಹರ್ಟ್ಜ್ ಕೆಳಗೆ ಹೆಚ್ಚೇನೂ ನುಡಿಸಲಾರವು. ಬೇಸ್ ಕೇಳುವುದಿಲ್ಲ, ಆದರೆ ಅದರ ಶಕ್ತಿ ಅಲ್ಲೇ ಇರುತ್ತದೆ. ಕೇಂದ್ರದ ಕಂಪ್ರೆಸರ್ (ಗಟ್ಟಿ ಶಬ್ದವನ್ನು ತಗ್ಗಿಸುವ ಸಾಧನ) ಆ ಶಕ್ತಿ ನೋಡಿ ಪ್ರತಿ ಕಿಕ್‌ಗೂ, ಅಂದರೆ ದೊಡ್ಡ ಡ್ರಮ್ಮಿನ ಹೊಡೆತಕ್ಕೂ, ಇಡೀ ಹಾಡನ್ನು ಅದುಮುತ್ತದೆ, ದನಿ ಏರುತ್ತ ಇಳಿಯುತ್ತ ಏದುಸಿರು ಬಿಟ್ಟಂತೆ ಕೇಳುತ್ತದೆ. ಪರಿಹಾರ ಸುಲಭ. 35 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಬೇಸಿಗೆ ಸ್ವಲ್ಪ ಸ್ಯಾಚುರೇಷನ್ (ದನಿಗೆ ಮೇಲಿನ ಕಂಪನಗಳನ್ನು ಸೇರಿಸುವ ಪರಿಣಾಮ) ಕೊಟ್ಟು 200 ಹರ್ಟ್ಜ್ ಮೇಲೂ ಅದರ ಗುರುತು ಮೂಡಿಸಿ. ಚರಣದಲ್ಲಿ ದನಿ ಬೀಟಿಗಿಂತ ಸ್ಪಷ್ಟವಾಗಿ ಮೇಲಿರಲಿ, ಕ್ಲಬ್ಬಿನ ಹಾಡಿಗಿಂತ ಎರಡು ಮೂರು ಡೆಸಿಬಲ್ ಹೆಚ್ಚೇ ಇರಲಿ.

ಎರಡನೆಯ ತಪ್ಪು ಸ್ಟೀರಿಯೊದ್ದು. ಒಂದೇ ದನಿಯನ್ನು ನಕಲು ಮಾಡಿ 10-30 ಮಿಲಿಸೆಕೆಂಡ್ ಹಿಂದೆ ತಳ್ಳಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಹೆಡ್‌ಫೋನಿನಲ್ಲಿ ಅಗಲವಾಗಿ ಕೇಳುತ್ತದೆ. ಎಡ ಬಲ ಒಂದಾಗುವ ಮೋನೊದಲ್ಲಿ ಎರಡೂ ಕೂಡಿದಾಗ ಕೆಲವು ಕಂಪನಗಳು ಒಂದನ್ನೊಂದು ಕೊಂದು, ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಧಾರವಾಡದ 765 ಕಿಲೋಹರ್ಟ್ಜ್ ಮಧ್ಯಮ ತರಂಗ ಮೋನೊ. ಎಫ್‌ಎಂ ಕೇಳುವ ಸಣ್ಣ ಸೆಟ್ಟುಗಳಲ್ಲಿ ಇರುವುದೂ ಒಂದೇ ಸ್ಪೀಕರ್. ಮುಖ್ಯ ದನಿ ನಡುವೆಯೇ ಇರಲಿ, ಜೊತೆ ದನಿ ಬೇಕಾದರೆ ಮತ್ತೊಮ್ಮೆ ಹೇಳಿಸಿ ಮುದ್ರಿಸಿ. ಮಧ್ಯಮ ತರಂಗದಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಜ್, ಆದ್ದರಿಂದ ಕೇಳುಗನಿಗೆ ತಲುಪುವ ಶಬ್ದ ಸುಮಾರು ನಾಲ್ಕೂವರೆ ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ. ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಮಾಯವಾಗುತ್ತದೆ, ಲಯ ಅದರ ಮೇಲೇ ನಿಂತಿದ್ದರೆ ಹಾಡು ಕುಂಟುತ್ತದೆ. ದಪ್ಪು, ಢೋಲಕ್, ಚಪ್ಪಾಳೆ ಉಳಿಯುತ್ತವೆ. ಎಫ್‌ಎಂನಲ್ಲಿ ಇದರ ಉಲ್ಟಾ: ಪ್ರಸಾರದ ಮೊದಲು ತಾರಕ ಕಂಪನಗಳನ್ನು ಎತ್ತಿ ಕಳಿಸುವುದರಿಂದ ಸ, ಶ, ಚ ಅಕ್ಷರಗಳು ಶಬ್ದದ ಮಿತಿ ಕಾಯುವ ಲಿಮಿಟರಿಗೆ ಬಡಿದು ಸೀಳುತ್ತವೆ. 5-8 ಕಿಲೋಹರ್ಟ್ಜ್ ಭಾಗಕ್ಕೆ ಈ ಸೀಳು ತಗ್ಗಿಸುವ ಡಿ-ಎಸರ್ ಹಾಕಬೇಕು. ಒಟ್ಟು ಗಟ್ಟಿತನ ಮೈನಸ್ 14ರಿಂದ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಶಿಖರ ಮೈನಸ್ 1 ಡೆಸಿಬಲ್ ಸಾಕು. ಮೈನಸ್ 7ಕ್ಕೆ ಒತ್ತಿ ಕಳಿಸಿದ ಹಾಡು ಗಾಳಿಯಲ್ಲಿ ಜೋರಾಗಿ ಕೇಳದು, ಚಪ್ಪಟೆಯಾಗಿ ಕೇಳುತ್ತದೆ.

ಬೀಟಿನ ಹಕ್ಕು ಇನ್ನೊಂದು ಬಲೆ. ಅಂತರ್ಜಾಲದಲ್ಲಿ ‘ಫ್ರೀ’ ಎಂದು ಬರೆದಿರುವ ಬೀಟ್ ಬಹುತೇಕ ಲಾಭವಿಲ್ಲದ ಬಳಕೆಗೆ ಮಾತ್ರ ಉಚಿತ. ಲೀಸಿಗೆ ಕೊಂಡದ್ದಾದರೆ ರೇಡಿಯೊ ಪ್ರಸಾರಕ್ಕೆ ಒಪ್ಪಿಗೆ ಇದೆಯೇ, ಎಷ್ಟು ಕೇಂದ್ರಗಳಿಗೆ ಎಂದು ಕರಾರಿನಲ್ಲಿ ಓದಿ, ಪ್ರತಿ ಇಟ್ಟುಕೊಳ್ಳಿ. ಹಳೆಯ ಸಂಗೀತವನ್ನು ಪಲ್ಲವಿಯಾಗಿ ಬಳಸಬಹುದು. ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದಿದ್ದರೆ ಸಾಹಿತ್ಯ-ರಾಗಕ್ಕೆ ಹಕ್ಕಿನ ತೊಡಕಿಲ್ಲ. ಆದರೆ ಬೇರೆಯವರ ಧ್ವನಿಮುದ್ರಿಕೆಯಿಂದ ಅದನ್ನು ಕತ್ತರಿಸಿ ಹಾಕಬೇಡಿ. ಮುದ್ರಿಕೆಗೆ ಅದರದೇ ಹಕ್ಕಿದೆ. ನಿಮ್ಮ ಚರ್ಚಿನ ಕ್ವಾಯರಿನಿಂದಲೇ (ಗಾಯನವೃಂದದಿಂದಲೇ) ಹಾಡಿಸಿ.

ಕೇಂದ್ರದವರಿಗೆ ಎರಡು ಮಾತು. ಅರ್ಧ ಗಂಟೆಯ ಅವಧಿಯಲ್ಲಿ ಐದಾರು ಹಾಡು ಹೋಗುತ್ತವೆ, ಅದರಲ್ಲಿ ಒಂದು ರ‍್ಯಾಪ್ ಸಾಕು. ‘ಯುವಕರಿಗಾಗಿ’ ಎಂದು ಬೇರೆ ಮೂಲೆಗೆ ಕೂರಿಸುವುದು ಬೇಡ. ಬೈಬಲ್ಲಿನ ಒಂದು ವಚನದ ಮೇಲಿನ ಹಳೆಯ ಸಂಗೀತ ಹಾಕಿ, ಅದರ ಬೆನ್ನಿಗೇ ಅದೇ ವಚನದ ರ‍್ಯಾಪ್ ಹಾಕಿ. ಅಜ್ಜಿಗೂ ಮೊಮ್ಮಗನಿಗೂ ಪರಸ್ಪರರ ಹಾಡು ಅರ್ಥವಾಗುವುದು ಹಾಗೆ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆಯ ಹೊತ್ತಿಗೆ ಮಾತ್ರ ಬೇಡ, ಅದು ಮೌನದ ಹೊತ್ತು. ನಿರೂಪಕರು ಕ್ಷಮೆ ಕೇಳುವ ದನಿಯಲ್ಲಿ ಪರಿಚಯಿಸದೆ ವಚನ, ಬರೆದವರು, ಊರು, ಇಷ್ಟು ಹೇಳಲಿ.

ಕಳಿಸುವವರು ಮೂರರಿಂದ ಮೂರೂವರೆ ನಿಮಿಷದೊಳಗೆ ಮುಗಿಸಲಿ. ಆರಂಭದಲ್ಲಿ ನಿರೂಪಕರ ಮಾತಿಗೆ ಆರರಿಂದ ಎಂಟು ಸೆಕೆಂಡ್ ಬರೀ ವಾದ್ಯ ಇರಲಿ, ಕೊನೆ ಗಟ್ಟಿಯಾಗಿ ನಿಲ್ಲಲಿ, ಕರಗುತ್ತಾ ಹೋಗುವುದು ಬೇಡ. ಎಂಪಿ3 ಬದಲು 48 ಕಿಲೋಹರ್ಟ್ಜ್‌ನ ವೇವ್ ಕಡತ, ಜೊತೆಗೆ ಸಾಲು ಸಾಲಾಗಿ ಟೈಪ್ ಮಾಡಿದ ಸಾಹಿತ್ಯ, ಪಕ್ಕದಲ್ಲಿ ವಚನಗಳ ಅಧ್ಯಾಯ-ಸಂಖ್ಯೆ, ಸಭಾಪಾಲಕರು (ಚರ್ಚಿನ ಪಾದ್ರಿ) ಓದಿ ಒಪ್ಪಿದ ಸಹಿ. ನವೆಂಬರ್ ಮುಗಿಯುವುದರೊಳಗೆ ತಲುಪಿಸಿದರೆ ಕ್ರಿಸ್‌ಮಸ್ ವಾರಕ್ಕೆ ಕೇಳಿ ಆರಿಸಲು ಕೇಂದ್ರದವರಿಗೆ ಸಮಯ ಸಿಗುತ್ತದೆ. ಆರಿಸದಿದ್ದರೆ ಯಾವ ಸಾಲಿಗೆ, ಯಾವ ಶಬ್ದಕ್ಕೆ ತಕರಾರು ಎಂದು ಅವರು ಗುರುತು ಹಾಕಿ ತಿಳಿಸಲಿ. ಎರಡು ದಿನದಲ್ಲಿ ತಿದ್ದಿ ಮರಳಿ ಕಳಿಸಬಹುದು.

ಕ್ರೈಸ್ತ ಭಕ್ತಿಗೀತೆಗಳ ಧ್ವನಿಮುದ್ರಣದಲ್ಲಿ ತೊಡಗಿರುವ ಓದುಗರು,
ಹುಬ್ಬಳ್ಳಿ-ಧಾರವಾಡ